ಕೋಣೆಯ ಉಷ್ಣಾಂಶ

ಹೊಸ ಫರ್ಮ್‌ವೇರ್ ಬಂದದ. ಸಂಗಡ ಒಂದು ಚೀಟಿ:
ಇದು ಇನ್ನೂ ಹಸಿ, ಪರೀಕ್ಷೆಗೆ ಮಾತ್ರ,
ಕೆಟ್ಟರೆ ನಿಮ್ಮದೇ ಜವಾಬ್ದಾರಿ.
ಫ್ಯಾನಿನ ಸದ್ದು ತಗ್ಗಿಸಿದ್ದೇವೆ.
ಮಲಗಿಸಿದರೆ ಇನ್ನು ಮಲಗುತ್ತದೆ.
ಕೋಣೆಯ ಉಷ್ಣಾಂಶ ಇಪ್ಪತ್ತೈದರಲ್ಲಿ ಓಡಿಸಿ ನೋಡಿದ್ದು.

ಇಪ್ಪತ್ತೈದು.
ಯಾರ ಕೋಣೆ?

ಶಹಾಬಾದ ರಸ್ತಾದ ಸಬ್‌ಸ್ಟೇಷನ್ನಿನಾಗ
ರಾತ್ರಿ ಒಂದೂವರಿಗೆ ಗ್ವಾಡಿ ಮ್ಯಾಲಿನ ಪಾದರಸ
ಮೂವತ್ತೊಂಬತ್ತಕ್ಕ ಕುಂತದ, ಇಳಿಯೋ ಮನಸಿಲ್ಲ ಅದಕ್ಕ.
ಹಗಲೆಲ್ಲ ಬಿಸಲು ಕುಡಿದ ಗ್ವಾಡಿ
ಈಗ ಸಾವಕಾಶ ಕಾರಲತ್ತದ.
ನಾ ಫರಸಿಗೆ ಹೂಜಿ ನೀರು ಚಿಮುಕಿಸಿ
ಬರಿಗಾಲಿಟ್ಟು ಕುಂತೀನಿ.
ಎದುರಿಗೆ ಆರು ಫೀಡರಿನ ಮುಳ್ಳು,
ಕೈಯಾಗ ಆಟದ ಕಂಪ್ಯೂಟರು,
ಹೈದರಾಬಾದಿನ ಹಳೇ ಮಾಲು, ಎಡಗಡಿ ಕೋಲು ತಾನೇ ವಾಲತದ,
ಬ್ಯಾಟರಿ ನನ್ನ ಮೊಣಕಾಲಿನಂಗ,
ನಲವತ್ತು ಅದ ಅಂತದ, ಎರಡು ಮೆಟ್ಟಲಿಗೆ ಶೂನ್ಯ.

ನಲವತ್ತಾರು ವಯಸ್ಸಿಗೆ ಇದೇನು ಹುಚ್ಚು, ಅಂತಾನ ಲೈನ್‌ಮನ್ ಅಂಬಾರಾಯ.
ಹೌದಪಾ, ಹುಚ್ಚು.
ಇದರಾಗ ನಾ ಹಡಗು ನಡಸ್ತೀನಿ,
ಖರೇ ಸಮುದ್ರ ಇನ್ನೂ ಕಂಡಿಲ್ಲ.
ಆಟಕ್ಕಿಂತ ಚಲೋ ಈ ಪರೀಕ್ಷಾ.
ಕೆಟ್ಟದ್ದು ಎಲ್ಲಿ ಅದ ಅಂತ ಹುಡುಕೋದಕ್ಕೇ
ಇಪ್ಪತ್ತು ವರ್ಷದಿಂದ ನನಗ ಪಗಾರ.

ಸುರು ಮಾಡಿದೆ. ಕರಿ ಪರದಿ ಮ್ಯಾಲ ಬಿಳಿ ಗೆರಿ
ಇರವಿ ಸಕ್ಕರಿ ಹೊತ್ತಂಗ ಹೊಂಟದ.
ಚಾರ್ಜರ್ ತೆಗೆಯಬೇಡಿ, ಅಂತದ.
ವಿದ್ಯುತ್ ನಿಲ್ಲದಂತೆ ನೋಡಿಕೊಳ್ಳಿ, ಅಂತದ.
ನಕ್ಕೆ. ಕಲಬುರಗಿಯಾಗ ಈ ಮಾತು
ಯಾರಿಗೆ ಬೇಕಾದ್ರೂ ಹೇಳ್ರಿ, ನನಗ ಹೇಳಬ್ಯಾಡ್ರಿ.

ಅರವತ್ತೆರಡು ಆಗಿತ್ತು. ಫೋನು.
"ಜಗದೇವಿ ಮೇಡಂ, ನಾಕನೇ ಫೀಡರು, ಜಂಪರ್ ಸುಟ್ಟದ, ಕಿಡಿ ಬೀಳಲತ್ತಾವ,
ಕೆಳಗ ಕಣಕಿ ಬಣವಿ ಅದ. ಎಲ್‌ಸಿ ಕೊಡ್ರಿ."
ನಾಕನೇದು.
ನಮ್ಮ ಸಣ್ಣ ಟಿಸಿ ಸುಟ್ಟು ಹದಿನೈದು ದಿನ,
ಸ್ಟೇಷನ್ನಿನ ದೀಪ, ಫ್ಯಾನು, ಈ ಚಾರ್ಜರು
ಎಲ್ಲಾ ನಾಕನೇದರ ಬಾಲಕ್ಕೇ ಕಟ್ಟೀವಿ.

ಲೆಕ್ಕಾ ಹಾಕಿದೆ ಅಂದ್ರ ಸುಳ್ಳು.
ಹಾಕಲಿಲ್ಲ ಅಂದ್ರೂ ಸುಳ್ಳು.
ಹಿಡಿಕಿಗೆ ಕೈ ಹೋಗೋದರೊಳಗ
ಗೆರಿ ಅರವತ್ತಮೂರಕ್ಕ ಸರೀತು. ನೋಡಿದೆ, ಅಷ್ಟೇ.

ಬ್ರೇಕರ್ ತೆಗದೆ. ಐಸೋಲೇಟರ್. ಅರ್ಥ್.
ನಂಬರ್ ಹೇಳಿದೆ, ಅಂವ ತಿರಗಿ ಹೇಳಿದ,
ಒಂದೊಂದೇ ಅಂಕಿ, ಅವಸರ ಇಲ್ಲದಂಗ.

ಕತ್ತಲಿ.
ಅದು ಮುದಿ ಬ್ಯಾಟರಿ ಮ್ಯಾಲ ಒಂದು ಗಳಿಗಿ ತಡಕೊಂಡಿತು,
ನನ್ನ ಮಾರಿಗಷ್ಟೇ ಬೆಳಕು. ಎಪ್ಪತ್ತೊಂದು.
ಆಮ್ಯಾಲ ಅದೂ ಆರಿತು.
ಕಾಲೋನಿ ಕೂಲರು ಒಮ್ಮೆಲೇ ಸುಮ್ಮಾಗಿದ್ದವು,
ಮಾಳಗಿ ಮ್ಯಾಲ ಮಂದಿ ಎದ್ದು ಕುಂತು
ನನ್ನ ಹೆಸರು ಗೊತ್ತಿಲ್ಲದೇ ನನ್ನ ಬೈತಿರಬೇಕು.
ನಾ ಬಾಗಲಾಗ ನಿಂತು ಬಣವಿ ಇರೋ ದಿಕ್ಕು ನೋಡಿದೆ.
ಕೆಂಪು ಏಳಲಿಲ್ಲ.

ಮುಕ್ಕಾಲು ತಾಸಿಗೆ ಅಂಬಾರಾಯನ ದನಿ:
"ಎಲ್ಲಾರೂ ಇಳದೀವಿ ಮೇಡಂ, ಹಚ್ರಿ."
ಹಚ್ಚಿದೆ. ಊರು ಗುಂಯ್ ಅಂತು.
ಇದು ಮಾತ್ರ ಕಲ್ಲು. ಗುಂಡಿ ಒತ್ತಿದೆ, ಹಿಡಿದೆ, ಬಿಟ್ಟೆ.
ಕಡೀಕ ಹಸಿ ಫರಸಿ ಮ್ಯಾಲ ಮಲಗಿಸಿ ರೀಡಿಂಗ್ ಬರಿಯಾಕ ಹೋದೆ.
ಮೂರೂ ಹತ್ತಕ್ಕ ತಿರಗಿ ನೋಡಿದ್ರ
ಕಣ್ಣು ತಗದದ!
ಒಳಗೆಲ್ಲೋ ಹಳೇದೊಂದು ಪ್ರತಿ ಮುಚ್ಚಿಟ್ಟಿತ್ತಂತ.
ಮತ್ತ ಮೊದಲಿಂದ ಹಾಕಿದೆ. ಈ ಸಲ ನೂರು.

ವರದಿ ಬರದೆ, ಶುದ್ಧ ಭಾಷೆಯಾಗ:

ಅಪ್‌ಡೇಟ್ ನಡುವೆ ವಿದ್ಯುತ್ ಹೋಯಿತು. ತೆಗೆದವಳು ನಾನೇ. ಕಾರಣವಿತ್ತು.
ಹಳೆಯದಕ್ಕೆ ಮರಳಿತು. ಶಭಾಷ್.
ಫ್ಯಾನಿನ ಸದ್ದಿಲ್ಲ, ನಿಜ. ಕೈ ಸುಡುತ್ತದೆ. ಸದ್ದು ವಾಪಸ್ ಕೊಡಿ.
ಮಲಗಿಸಿದರೆ ಮಲಗುವುದಿಲ್ಲ, ಆಗಾಗ ಎದ್ದು ನೋಡುತ್ತದೆ.
ಇದು ದೋಷ ಹೌದೋ ಅಲ್ಲವೋ ನಾನು ಹೇಳಲಾರೆ.
ಕೋಣೆಯ ಉಷ್ಣಾಂಶ: ಮೂವತ್ತೊಂಬತ್ತು.

ನಿದ್ದಿಗಣ್ಣಾಗ ಬರದದ್ದು ಸ್ಟೇಷನ್ನಿನ ಲಾಗ್‌ಬುಕ್ಕಿನಾಗ.
ಮುಂಜಾನಿ ಪಾಳಿಗೆ ಬಂದ ಮಹಿಬೂಬ ಪೂರಾ ಓದಿದ,
ಕೆಳಗ ಸಹಿ ಹಾಕಿದ,
ಪೆನ್ನಿನ ಟೋಪಿ ಮುಚ್ಚಿ ಕೇಳಿದ:
"ಯಾವ ಫ್ಯಾನು, ಮೇಡಂ?"